ತೊಗಲಿನ ಗುಂಡಿಯ ಮೇಲೆ ಬೋರ್ಡು

ನಮ್ಮ ಕೇರಿಗೆ ಚರಂಡಿ ಇರಲಿಲ್ಲ. ಊರಿಗೂ ಇರಲಿಲ್ಲ. ಆದರೆ ಊರು ಏರಿನಲ್ಲಿತ್ತು, ಕೇರಿ ಇಳುಕಲಿನಲ್ಲಿತ್ತು. ಊರಿನವರು ಮಿಂದ ನೀರು, ಎಮ್ಮೆ ತೊಳೆದ ನೀರು, ಮುಸುರೆಯ ನೀರು ಎಲ್ಲ ಇಳಿದು ಬಂದು ನಮ್ಮ ಬಾಗಿಲ ಮುಂದೆ ನಿಲ್ಲುತ್ತಿತ್ತು. ನಾವು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಮನೆಯೊಳಗೆ ಹೋಗುತ್ತಿದ್ದೆವು. ಮಳೆ ಜೋರಾದರೆ ಆ ನೀರೇ ಒಳಗೆ ಬರುತ್ತಿತ್ತು.

ಊರ ಹೆಸರು ಏಳಕುಂಟಿ. ನಾರಾಯಣಖೇಡದಿಂದ ನಾಗಲಗಿದ್ದಕ್ಕೆ ಹೋಗುವ ಬಸ್ಸಿನಿಂದ ದಾರಿಯಲ್ಲಿ ಇಳಿದು ಎರಡು ಮೈಲಿ ನಡೆಯಬೇಕು. ನಾನು ಜಹೀರಾಬಾದಿನ ಹಾಸ್ಟೆಲಿನಲ್ಲಿ ಏಳು ವರ್ಷ ಇದ್ದು ಹತ್ತನೆಯ ತರಗತಿ ಪಾಸಾದವನು. ೧೯೭೮ರಲ್ಲಿ ನಾರಾಯಣಖೇಡದ ಒಂದು ಬ್ಯಾಂಕಿನಲ್ಲಿ ದಿನಗೂಲಿಯ ಜವಾನನಾಗಿದ್ದೆ. ಕಸ ಗುಡಿಸುತ್ತಿದ್ದೆ, ನೀರು ಹೊರುತ್ತಿದ್ದೆ, ಟಪಾಲು ಒಯ್ಯುತ್ತಿದ್ದೆ. ಬ್ಯಾಂಕಿನ ಬಾಗಿಲನ್ನು ಬೆಳಿಗ್ಗೆ ತೆರೆಯುವವನು ನಾನು, ಸಂಜೆ ಹಾಕುವವನು ನಾನು. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿರಲಿಲ್ಲ.

ಆ ವರ್ಷ ಬ್ಯಾಂಕಿಗೆ ಇಪ್ಪತ್ತೈದು ತುಂಬಿತ್ತು. ಪ್ರತಿ ಶಾಖೆಯ ನೌಕರರೂ ಒಂದು ಹಳ್ಳಿಯನ್ನು ದತ್ತು ತೆಗೆದುಕೊಂಡು ಒಂದು ಭಾನುವಾರ ಶ್ರಮದಾನ ಮಾಡಬೇಕೆಂದು ಹೈದರಾಬಾದಿನಿಂದ ಸುತ್ತೋಲೆ ಬಂತು. ಫೋಟೋ ಕಳಿಸಬೇಕು. ಒಳ್ಳೆಯ ಕೆಲಸ ಮಾಡಿದ ಶಾಖೆಗೆ ಬೆಳ್ಳಿಯ ಢಾಲು ಬಹುಮಾನ.

ಮ್ಯಾನೇಜರ್ ಆತ್ಮಾರಾಮರಾಯರು ಬೀದರದವರು. ಕೆಟ್ಟ ಮನುಷ್ಯರಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಲು ಮನಸ್ಸಾಗುವುದಿಲ್ಲ. ಅವರು ನನ್ನನ್ನು ಕರೆದು, "ನಿಮ್ಮ ಕೇರಿಯಾಗ ಏನು ಬೇಕಾಗ್ಯದ, ಬರ್ದು ಕೊಡು" ಎಂದರು. ನಾನು ಬ್ಯಾಂಕಿನ ಹಾಳೆಯಲ್ಲಿಯೇ ಬರೆದುಕೊಟ್ಟೆ. ಚರಂಡಿ ಬೇಕು ಎಂದು ಬರೆದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಕೇರಿಯಲ್ಲಿ ಬಹಳ ದುರ್ವಾಸನೆ, ತೊಗಲಿನ ಗುಂಡಿಗಳಿವೆ, ಆರೋಗ್ಯಕ್ಕೆ ಹಾನಿ ಎಂದೂ ಸೇರಿಸಿದೆ. ಏಳು ವರ್ಷ ಹಾಸ್ಟೆಲಿನಲ್ಲಿ ಹುಡುಗರು ನನ್ನ ಟ್ರಂಕು ಮೂಸಿ ಮೂಗು ಮುಚ್ಚಿಕೊಂಡಿದ್ದರು. ಅದು ಕೈಯಲ್ಲಿ ಕೂತು ಬರೆಸಿತು.

ಆ ಗುಂಡಿಗಳು ಈಶಮ್ಮನವು. ಈಶಮ್ಮ ನನ್ನ ದೊಡ್ಡವ್ವ, ತಾಯಿಯ ಅಕ್ಕ. ತಾಯಿ ಸತ್ತ ಮೇಲೆ ನನ್ನನ್ನು ಸಾಕಿದವಳು. ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ಕೇರಿಯಲ್ಲಿ ತೊಗಲು ಹದಮಾಡುವ ಮನೆ ಅವಳದೊಂದೇ ಉಳಿದಿತ್ತು.

ಊರಲ್ಲಿ ಎತ್ತು ಸತ್ತರೆ ಅವಳಿಗೆ ಕರೆ ಬರುತ್ತಿತ್ತು. ಸುಲಿದು ಹಸಿ ತೊಗಲನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದಳು. ನೀರು, ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು. ಮೊದಲು ಸುಣ್ಣದ ಗುಂಡಿ. ಹತ್ತು ದಿನಕ್ಕೆ ಕೂದಲು ಸಡಿಲವಾದ ಮೇಲೆ ಬಾಗಿ ಕೂತು ಮಚ್ಚಿನಿಂದ ಹೆರೆಯಬೇಕು. ಆಮೇಲೆ ತಂಗಡಿ ಗಿಡದ ತೊಗಟೆ ನೆನೆಹಾಕಿದ ಗುಂಡಿ. ಅಲ್ಲಿ ಒಂದು ತಿಂಗಳು. ದಿನವೂ ಸೊಂಟದವರೆಗೆ ಗುಂಡಿಗಿಳಿದು ಒಂದೊಂದೇ ತೊಗಲನ್ನು ಮಗುಚಬೇಕು. ಮಗುಚದಿದ್ದರೆ ಮಡಿಕೆ ಬಿದ್ದ ಕಡೆ ಕೊಳೆಯುತ್ತದೆ. ಒಂದು ಎಮ್ಮೆ ತೊಗಲು ನೀರು ಕುಡಿದರೆ ಇಬ್ಬರು ಗಂಡಸರ ಭಾರ. ಅವಳು ಒಬ್ಬಳೇ ಎತ್ತುತ್ತಿದ್ದಳು. ಸುಣ್ಣ ತಿಂದು ಅವಳ ಅಂಗೈಯಲ್ಲಿ ಗೆರೆಗಳೇ ಉಳಿದಿರಲಿಲ್ಲ.

ಆ ತೊಗಲಿನಿಂದ ಹನ್ನೊಂದು ಮಂದಿ ರೈತರ ಮನೆಗೆ ನೊಗ ಬಿಗಿಯುವ ಮಿಣಿ, ಬಾರುಕೋಲು, ಬಾವಿಯಿಂದ ನೀರೆತ್ತುವ ಚೀಲ ಮಾಡಿಸಿಕೊಡಬೇಕು. ಜೂನಿನ ಮಿರಗದ ಮಳೆಗೆ ಮುಂಚೆ ಕೊಡಬೇಕು. ಕೊಟ್ಟರೆ ಸುಗ್ಗಿಯಲ್ಲಿ ಆ ಹನ್ನೊಂದು ಕಣಗಳಿಂದ ಜೋಳದ ಪಾಲು ಬರುತ್ತದೆ. ಅದಕ್ಕೆ ಆಯ ಎನ್ನುತ್ತಾರೆ. ದೊಡ್ಡವ್ವನ ವರ್ಷದ ಊಟ ಅದು. ಬೇರೆ ಏನೂ ಇರಲಿಲ್ಲ. ಮೇ ತಿಂಗಳ ಆ ಹೊತ್ತಿನಲ್ಲಿ ಸುಣ್ಣದ ಗುಂಡಿಯಲ್ಲಿ ಮೂರು, ತೊಗಟೆಯ ಗುಂಡಿಯಲ್ಲಿ ಐದು ತೊಗಲಿದ್ದವು. ಐದು ಹದಕ್ಕೆ ಬರಲು ಇನ್ನು ಹತ್ತು ದಿನ ಬೇಕಿತ್ತು.

ಶ್ರಮದಾನಕ್ಕೆ ನಮ್ಮ ಕೇರಿಯನ್ನೇ ಆರಿಸಿದರು. ಅದರ ಹಿಂದಿನ ದಿನ, ಶನಿವಾರ ಸಂಜೆ, ನಾನು ಮನೆಗೆ ಹೋದೆ. ಅವಳು ಗುಂಡಿಯಿಂದ ಎದ್ದು ಬಂದು ಕಾಲು ತೊಳೆಯುತ್ತಿದ್ದಳು.

"ಖರೇನೇ ಬರ್ತಾರೇನೋ ನರಸಿಂಹುಲು? ನಿಮ್ಮ ಸಾಹೇಬ್ರು ಗುದ್ದಲಿ ಹಿಡೀತಾರ?"

"ಹಿಡೀತಾರ ದೊಡ್ಡವ್ವ. ಹೊಸಾವು ಹನ್ನೆರಡು ತಂದಾರ."

"ಹೊಸಾ ಗುದ್ದಲಿ ಕೈ ಸುಲೀತದ. ಹಳೇ ಅರಿವಿ ಸುತ್ಕೊರಿ ಅಂತ ಹೇಳು ಪಾಪ."

"ಕೈಗವಸು ತಂದಾರ. ಕೈಗಿ ಹಾಕ್ಕೊಳ್ಳೋದು, ಚೀಲದ್ಹಂಗ ಇರ್ತದ."

"ಕೈಗೂ ಚಪ್ಪಲಿ ಬಂದಾವನು. ಚಂದಾತು. ನನಗೊಂದು ಜತಿ ಕೇಳು."

ಪಕ್ಕದ ಮನೆಯ ಬಾಲಮಣಿ ನಕ್ಕಳು. "ನಿನಗ ಯಾಕಬೇ ಅತ್ತಿ? ನಿನ್ನ ಕೈ ನೋಡಿ ಗುದ್ದಲಿನೇ ಹೆದರ್ತದ."

ಭಾನುವಾರ ಎಂಟು ಗಂಟೆಗೆ ಜೀಪು ಮತ್ತು ಒಂದು ಮೆಟಡೋರ್ ಬಂದವು. ಹದಿನಾರು ಜನ. ಎಲ್ಲರ ತಲೆಯ ಮೇಲೂ ಬ್ಯಾಂಕಿನ ಹೆಸರಿನ ಬಿಳಿ ಟೊಪ್ಪಿಗೆ. ಜಹೀರಾಬಾದಿನ ಫೋಟೋದವನು ಬಂದಿದ್ದ. ಕಬ್ಬಿಣದ ಒಂದು ಬೋರ್ಡು ಬಂದಿತ್ತು: ದತ್ತು ಗ್ರಾಮ. ಅದನ್ನು ನಿಲ್ಲಿಸಲು ಎರಡು ಚೀಲ ಸಿಮೆಂಟು ಬಂದಿತ್ತು. ಕೇರಿಯ ಗಂಡಸರು ತಾಂಡೂರಿನ ಕಲ್ಲಿನ ಗಣಿಗೆ ಹೋಗಿದ್ದರು. ಹೆಂಗಸರು, ಮುದುಕರು ಬಾಗಿಲಲ್ಲಿ ನಿಂತು ನೋಡಿದರು.

ಚರಂಡಿ ತೋಡಿದರೆ ನೀರು ಹಳ್ಳಕ್ಕೆ ಸೇರಬೇಕು. ಹಳ್ಳಕ್ಕೆ ಹೋಗುವ ದಾರಿ ಪೊಲೀಸ್ ಪಟೇಲ ಹಣಮಂತರಾಯನ ಕಣದ ಪಕ್ಕದಲ್ಲಿತ್ತು. ಅದು ಸರಕಾರಿ ದಾರಿ. ಪಟೇಲ ಬಂದು ಕೈಕಟ್ಟಿ ನಿಂತ.

"ರಾವ್ ಸಾಹೇಬ್ರ, ನಿಮ್ಮ ಕೆಲಸ ಛಲೋ ಅದ. ಖರೆ, ಕೇರಿ ನೀರು ನಮ್ಮ ಕಣದ ಬಾಜು ಹರೀಬಾರದು. ರಾಶಿ ಮಾಡೋ ಜಾಗ. ಲಕ್ಷ್ಮಿ ಇರ್ತಾಳ."

ಅದು ಅವನ ಬಚ್ಚಲಿನದೇ ನೀರು. ನಾನು ಅಲ್ಲೇ ನಿಂತಿದ್ದೆ. ಹೇಳಲಿಲ್ಲ. ಮ್ಯಾನೇಜರೂ ಹೇಳಲಿಲ್ಲ. ಶಾಖೆಯಲ್ಲಿ ಅತಿ ದೊಡ್ಡ ಠೇವಣಿ ಪಟೇಲನದು.

ಹತ್ತು ಗಂಟೆಯಾಯಿತು. ಬಿಸಿಲು ಏರಿತು. ಹದಿನಾರು ಜನ ಹನ್ನೆರಡು ಹೊಸ ಗುದ್ದಲಿ ಇಟ್ಟುಕೊಂಡು ನಿಂತಿದ್ದರು. ಅಗೆಯಲು ಜಾಗವಿರಲಿಲ್ಲ. ಫೋಟೋದವನು ಗಡಿಯಾರ ನೋಡಿಕೊಳ್ಳುತ್ತಿದ್ದ. ಮ್ಯಾನೇಜರು ನನ್ನನ್ನು ಕರೆದು, "ನೀ ಮೆಟಡೋರದಾಗ ಖೇಡಕ್ಕ ಹೋಗಿ ಊಟ ತಗೊಂಡು ಬಾ. ಜಲ್ದಿ ಬಾ" ಎಂದರು. ನಾನು ಹೋದೆ.

ಹಿಂದಿರುಗಿ ಬರುವಾಗ ಒಂದೂವರೆ. ಊಟ ಪಟೇಲನ ವಾಡೆಯಲ್ಲಿ ಎಂದು ಗೊತ್ತಾಯಿತು. ಅನ್ನದ ಪಾತ್ರೆ, ಸಾರಿನ ಬಕೀಟು ನಾರಾಯಣಖೇಡದಿಂದ ನನ್ನ ಮಡಿಲಲ್ಲಿಯೇ ಕೂತು ಬಂದಿದ್ದವು. ವಾಡೆಯ ಬಾಗಿಲಲ್ಲಿ ಪಟೇಲನ ಆಳು ತುಳಜಪ್ಪ ಅವನ್ನು ಇಳಿಸಿಕೊಂಡ. "ನೀ ಇಲ್ಲೇ ಇರು. ಎಲಿ ಎತ್ತೋ ಹೊತ್ತಿಗಿ ಕರೀತೀನಿ" ಎಂದ. ನಾನು ಕೇರಿಗೆ ನಡೆದೆ.

ಗುಂಡಿಗಳಿರಲಿಲ್ಲ. ಎರಡೂ ಇರಲಿಲ್ಲ. ಅಲ್ಲಿ ಹಸಿ ಮಣ್ಣಿನ ಸಮತಟ್ಟು ನೆಲವಿತ್ತು. ಬಿಳಿ ರಂಗೋಲಿ ಹಾಕಿದ್ದರು. ತೊಗಟೆಯ ಗುಂಡಿಯ ನಟ್ಟನಡುವೆ ಬೋರ್ಡು ನಿಂತಿತ್ತು. ಬುಡದ ಸಿಮೆಂಟು ಇನ್ನೂ ಒದ್ದೆಯಿತ್ತು. ದೊಡ್ಡವ್ವ ಅದರ ಮುಂದೆ ಮೊಣಕಾಲೂರಿ ಬರಿಗೈಯಲ್ಲಿ ಮಣ್ಣು ಬಗೆಯುತ್ತಿದ್ದಳು. ಬಲಗೈಯ ಬೆರಳಲ್ಲಿ ರಕ್ತವಿತ್ತು.

ನಡೆದದ್ದನ್ನು ಬಾಲಮಣಿ ಹೇಳಿದಳು.

"ಅತ್ತಿ ಅಡ್ಡ ಬಿದ್ಲು. ಒಳಗ ತೊಗಲು ಅವರಿ, ಎಂಟು ಅವರಿ ಅಂದ್ಲು. ಕನ್ನಡದಾಗ ಅಂದ್ಲು, ತೆಲುಗಿನ್ಯಾಗ ಅಂದ್ಲು. ಮ್ಯಾನೇಜರ್ ಸಾಹೇಬ್ರು ಏನಂದ್ರು ಗೊತ್ತದನು? ಅಮ್ಮಾ, ಇದು ರೋಗದ ಗುಂಡಿ, ನಿಮ್ಮ ಹುಡುಗನೇ ಬರ್ದು ಕೊಟ್ಟಾನ, ಅಂದ್ರು. ಪಟೇಲ ಅಂದ, ಆಕಿಗಿ ತಲಿ ಸರಿ ಇಲ್ಲ, ನೀವು ಹಾಕ್ರಿ ಮಣ್ಣು. ಹಾಕಿದ್ರು. ಫೋಟೋದವ ನಿಲ್ರಿ ಅಂದಾಗ ನಿಂತ್ರು, ಹಾಕ್ರಿ ಅಂದಾಗ ಹಾಕಿದ್ರು."

ಕ್ಯಾಶಿಯರ್ ಕಾಶಿರಾಮ ಸುಣ್ಣದ ಗುಂಡಿಯ ಅಂಚಿನಲ್ಲಿ ಜಾರಿ ಮೊಣಕಾಲವರೆಗೆ ಇಳಿದಿದ್ದನಂತೆ. ಕಾಲು ಉರಿದು ಕೂಗಿಕೊಂಡನಂತೆ. ದೊಡ್ಡವ್ವ ಒಳಗಿನಿಂದ ಕುಡಿಯುವ ನೀರಿನ ಕೊಡ ತಂದು ಅವನ ಕಾಲಿಗೆ ಸುರಿದು ಸುಣ್ಣ ತೊಳೆದಳಂತೆ. ಅವನನ್ನು ಜೀಪಿನಲ್ಲಿ ದವಾಖಾನೆಗೆ ಒಯ್ದರು. ಉಳಿದವರು ಗುಂಡಿ ಮುಚ್ಚುವುದನ್ನು ಮುಂದುವರಿಸಿದರು.

ದೊಡ್ಡವ್ವ ನನ್ನನ್ನು ನೋಡಿದಳು. ಬೈಯಲಿಲ್ಲ.

"ನೀ ಬರ್ದಿದ್ದೇನೋ?"

"ಹೂಂ."

"ಗುಂಡಿ ಮುಚ್ಚರಿ ಅಂತ ಬರ್ದಿದ್ದಿ?"

"ವಾಸನಿ ಅದ ಅಂತ ಬರ್ದಿದ್ದೆ."

"ಅದ ವಾಸನಿಯಾಗ ಬೆಳದಿ" ಎಂದಳು. ಮತ್ತೆ ಬಗೆಯತೊಡಗಿದಳು. ಅಷ್ಟರಲ್ಲಿ ತುಳಜಪ್ಪ ಬಂದ. ಬೋರ್ಡು ಸರಕಾರದ್ದು, ಹತ್ತಿರ ಕೈ ಹಾಕಿದರೆ ಠಾಣೆಗೆ ಹೋಗಬೇಕಾಗುತ್ತದೆ ಎಂದು ಪಟೇಲ ಹೇಳಿ ಕಳಿಸಿದ್ದ. ತುಳಜಪ್ಪ ಅವಳ ಮನೆಯ ಗುದ್ದಲಿ, ಸಲಿಕೆ ಎರಡನ್ನೂ ಎತ್ತಿಕೊಂಡು ಹೋದ. ಹೋಗುವಾಗ ನನಗೆ, "ಎಲಿ ಎತ್ತಾಕ ಬಾ" ಎಂದ. ನಾನು ಹೋಗಿ ಹದಿನೈದು ಎಲೆ ಎತ್ತಿ ಹಾಕಿದೆ. ಅದನ್ನೂ ಬರೆಯುತ್ತೇನೆ.

ಸೋಮವಾರ ಬ್ಯಾಂಕು ತೆರೆಯುತ್ತಲೇ ಮ್ಯಾನೇಜರ ಮುಂದೆ ನಿಂತೆ.

"ಸಾರ್, ಒಳಗ ಎಂಟು ತೊಗಲು ಅವರಿ. ದಿನಾ ಮಗುಚಬೇಕ್ರಿ. ಇಲ್ಲಂದ್ರ ಕೊಳೀತಾವ. ಇವತ್ತು ತೆಗದ್ರ ಉಳೀತಾವ."

ಅವರು ಫೈಲಿನಿಂದ ನನ್ನ ಪತ್ರ ತೆಗೆದು ಮೇಜಿನ ಮೇಲಿಟ್ಟರು.

"ಯಾರ ಅಕ್ಷರ ಇದು?"

"ನಂದೇರಿ."

"ಮತ್ತ? ನಾ ನನ್ನ ಮನಿ ಕೆಲಸಕ್ಕ ಹೋಗಿದ್ದೆನೇನು? ಸ್ಟಾಫ್ ತಮ್ಮ ಐತವಾರ ಬಿಟ್ಟು ಬಂದಾರ. ಕಾಶಿರಾಮನ ಕಾಲಿಗಿ ಬೊಬ್ಬಿ ಬಂದಾವ." ಆಮೇಲೆ ದನಿ ಇಳಿಸಿದರು. "ಈ ಶನಿವಾರ ಹೈದರಾಬಾದದಿಂದ ದೊಡ್ಡ ಸಾಹೇಬ್ರು ಬರ್ತಾರ. ಅಲ್ಲಿತನಕ ಬೋರ್ಡು ಅಲ್ಲಾಡಬಾರದು. ಅವ್ರು ಬಂದು ನೋಡ್ಲಿ. ನಿಮ್ಮ ದೊಡ್ಡವ್ವ ಅವರಿಗೇ ಹೇಳ್ಲಿ, ತೆಗಿಯಂದ್ರ ತೆಗಸೂಣು. ನಿನ್ನ ಹೆಸರೂ ಪರ್ಮನೆಂಟಿಗಿ ಬರೀಬೇಕಂತ ಮಾಡೀನಿ."

ನಾನು ಅದನ್ನು ನಂಬಿದೆ. ನಂಬಲು ನನಗೆ ಅನುಕೂಲವಿತ್ತು. ಸಂಜೆ ಊರಿಗೆ ಹೋಗಿ ದೊಡ್ಡವ್ವನಿಗೆ, "ಶನಿವಾರತನಕ ತಡಿ. ಠಾಣೆ ಗೀಣೆ ಬ್ಯಾಡ. ದೊಡ್ಡ ಸಾಹೇಬ ಬರ್ತಾನ, ಅವನಿಗೇ ಹೇಳೂಣು" ಎಂದೆ.

"ತೊಗಲಿಗಿ ಶನಿವಾರ ಗೊತ್ತಿಲ್ಲಪ್ಪ" ಎಂದಳು ಅವಳು. ಆದರೂ ಕೂತಳು. ಗುದ್ದಲಿ ಇರಲಿಲ್ಲ. ನಾನು ಓದಿದವನು, ನನ್ನ ಮಾತಿಗೆ ತೂಕವಿದೆ ಎಂದು ತಿಳಿದಿದ್ದಳು.

ಬುಧವಾರ ಕಿಷ್ಟಪ್ಪ ತಾಂಡೂರಿನಿಂದ ಬಂದ. ನಮ್ಮ ಕೇರಿಯವನೇ. ಎರಡು ವರ್ಷದ ಹಿಂದೆ ಅವನ ಮನೆ ಮತ್ತು ಇನ್ನೂ ಆರು ಮನೆಯವರು ಬುದ್ಧನ ದೀಕ್ಷೆ ತಗೊಂಡಿದ್ದರು. ಸತ್ತ ದನ ಮುಟ್ಟುವುದನ್ನು ಬಿಟ್ಟಿದ್ದರು. ಅವನು ಮುಚ್ಚಿದ ಗುಂಡಿ ನೋಡಿ ತಲೆಯಾಡಿಸಿದ.

"ಸಿಟ್ಟು ಮಾಡಬ್ಯಾಡ ಈಶಕ್ಕ. ಒಂದು ಲೆಕ್ಕಕ್ಕ ಒಳ್ಳೇದೇ ಆತು. ಊರವ್ರ ಸತ್ತ ದನ ನಾವ್ಯಾಕ ಹೊರಬೇಕು? ನಾ ನಿನಗ ಎಷ್ಟು ಸರ್ತಿ ಹೇಳೀನಿ, ಬಿಡು ಅಂತ."

"ಹೇಳಿದಿ. ನಾನೂ ಬಿಡಬೇಕಂದಿದ್ದೆ. ಈ ಎಂಟು ಮುಗಿಸಿ ಬಿಡಬೇಕಂದಿದ್ದೆ."

"ಮತ್ತ ಬಿಟ್ಟಂಗಾತಲ್ಲ."

"ಬಿಡೋದಿದ್ರ ನಾ ಬಿಡ್ತೀನಿ ಕಿಷ್ಟಪ್ಪ. ಮುಚ್ಚಾಕ ಅವರ್ಯಾರು?"

ಕಿಷ್ಟಪ್ಪ ಎದ್ದ. ಬೋರ್ಡಿನ ಹತ್ತಿರ ಹೋಗಿ ಬಗ್ಗಿ ನೆಲ ಮೂಸಿದ. ಬಂದು ಕೂತು, "ನಾಳೆ ತನಕ ಆದ್ರ ಅರ್ಧ ಉಳದೀತು" ಎಂದ. ಚಿಕ್ಕಂದಿನಲ್ಲಿ ಅವನೂ ಆ ಕೆಲಸ ಮಾಡಿದವನು. ನಾನು ಮತ್ತೆ ಶನಿವಾರ ಎಂದೆ. ಎರಡನೆಯ ಸಲ ಹಾಗೆಂದೆ. ಅವನು ನನ್ನನ್ನು ನೋಡಿ, "ನಿನ್ನ ನೌಕ್ರಿ ಇನ್ನೂ ಪಕ್ಕಾ ಆಗಿಲ್ಲ ಅಲ್ಲಾ" ಎಂದ.

ಶನಿವಾರ ಹನ್ನೊಂದಕ್ಕೆ ಶಾಮಿಯಾನ. ಕುರ್ಚಿಗಳು ಪಟೇಲನ ಮನೆಯವು. ದೊಡ್ಡ ಸಾಹೇಬರು ಬಿಳಿ ಕಾರಿನಲ್ಲಿ ಬಂದರು. ದಪ್ಪನೆಯ, ಮೃದು ಮಾತಿನ ಮನುಷ್ಯ. ಹನ್ನೆರಡು ಗುದ್ದಲಿಗಳನ್ನು ಹಿಡಿಗೆ ರಿಬ್ಬನ್ನು ಕಟ್ಟಿ ಸಾಲಾಗಿ ಒರಗಿಸಿದ್ದರು. ಮ್ಯಾನೇಜರು ವರದಿ ಓದಿದರು. ಒಟ್ಟು ಅರವತ್ತನಾಲ್ಕು ಗಂಟೆ ಶ್ರಮ. ಎರಡು ರೋಗಕಾರಕ ಗುಂಡಿಗಳ ನಿರ್ಮೂಲನ. ಸೇವೆಯಲ್ಲಿ ಒಬ್ಬ ನೌಕರನಿಗೆ ಗಾಯ. ಕಾಶಿರಾಮ ಕಾಲಿಗೆ ಪಟ್ಟಿ ಕಟ್ಟಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ಅವನಿಗೆ ಮಾಲೆ ಹಾಕಿದರು.

ನೆಲದಿಂದ ನಾತ ಬರುತ್ತಿತ್ತು. ಮುಂದಿನ ಸಾಲಿನವರು ಕರವಸ್ತ್ರ ತೆಗೆದರು. ಪಟೇಲ ಊದುಬತ್ತಿ ಹಚ್ಚಿಸಿದ.

ಕೊನೆಗೆ ಕೇರಿಯ ಪರವಾಗಿ ಈಶಮ್ಮನನ್ನು ಕರೆದರು. ಸಾಹೇಬರ ಕೈಯಿಂದ ಒಂದು ಸೀರೆ, ನಾಲ್ಕು ಸಾಬೂನು. ಆಮೇಲೆ ಒಂದು ಹಾಳೆಗೆ ಹೆಬ್ಬೆಟ್ಟು. ನಮ್ಮ ಇಚ್ಛೆಯಂತೆ ಈ ಕೆಲಸ ನಡೆದಿದೆ, ನಾವು ಬ್ಯಾಂಕಿಗೆ ಋಣಿ ಎಂದು ಅದರಲ್ಲಿತ್ತು. ಹಿಂದಿನ ದಿನ ಮ್ಯಾನೇಜರು ಹೇಳಿದಾಗ ಆ ಹಾಳೆ ಬರೆದವನೂ ನಾನೇ. ನನ್ನ ಅಕ್ಷರ ದುಂಡಗಿದೆ. ಹೆಬ್ಬೆಟ್ಟಿನ ಡಬ್ಬಿ ಹಿಡಿದು ನಿಂತವನೂ ನಾನೇ.

ದೊಡ್ಡವ್ವ ಹತ್ತಿರ ಬಂದಳು. ಸೀರೆ ಮುಟ್ಟಲಿಲ್ಲ.

"ಸಾಬೂನು ಬ್ಯಾಡ್ರಿ. ಗುದ್ದಲಿ ಕೊಡ್ರಿ."

ಸಾಹೇಬರು ಮ್ಯಾನೇಜರ ಮುಖ ನೋಡಿದರು. ದೊಡ್ಡವ್ವ ಅದನ್ನೇ ತೆಲುಗಿನಲ್ಲಿ ಹೇಳಿದಳು. ನನ್ನ ಗುಂಡಿಯಲ್ಲಿ ನನ್ನ ಎಂಟು ತೊಗಲಿವೆ, ನಿಮ್ಮವರು ಮುಚ್ಚಿದ್ದಾರೆ, ಆರು ದಿನವಾಯಿತು, ನೀವು ಬರುವವರೆಗೆ ತಡಿ ಎಂದರು, ತಡೆದೆ, ಈಗ ತೆಗೆಸಿ ಎಂದಳು. ಸಾಹೇಬರು ಮೃದುವಾಗಿಯೇ ಉತ್ತರ ಕೊಟ್ಟರು. ನಿಮ್ಮ ಕಷ್ಟ ತಿಳಿಯಿತು, ಅರ್ಜಿ ಕೊಡಿ, ಹೈದರಾಬಾದಿಗೆ ಹೋಗಿ ನೋಡುತ್ತೇನೆ ಎಂದರು.

ಅವಳು ಹೋಗಿ ಸಾಲಿನಿಂದ ಒಂದು ಗುದ್ದಲಿ ಎತ್ತಿಕೊಂಡಳು. ರಿಬ್ಬನ್ನು ಹಾಗೇ ಇತ್ತು.

"ಹಿಂದಕ ಇಡು" ಎಂದ ಪಟೇಲ.

"ಶ್ರಮದಾನದ ಗುದ್ದಲಿ ಅಲ್ಲೇನ್ರಿ ಪಟೇಲ್ರ? ನನ್ನದು ನಿಮ್ಮ ಮನ್ಯಾಗ ಅದ. ಅದು ಬರೂತನ ಇದರಾಗ ಮಾಡ್ತೀನಿ." ಬ್ಯಾಂಕಿನವರ ಕಡೆ ತಿರುಗಿದಳು. "ಬರ್ರಿ. ಮುಚ್ಚಿದವ್ರು ಹದಿನಾರು ಮಂದಿ ಇದ್ರಿ. ತೆಗಿಯಾಕ ಇಬ್ಬರರೆ ಬರ್ರಿ."

ಯಾರೂ ಏಳಲಿಲ್ಲ. ಅವಳು ಬೋರ್ಡಿನ ಬುಡಕ್ಕೆ ಮೊದಲ ಏಟು ಹಾಕಿದಳು. ಸಿಮೆಂಟಿಗೆ ತಾಗಿ ಗುದ್ದಲಿ ಜಿಗಿಯಿತು. ಎರಡನೆಯ ಏಟು. ಮೂರನೆಯದು. ನಾನು ಡಬ್ಬಿ ಮೇಜಿನ ಮೇಲಿಟ್ಟು ಹೋಗಿ ಇನ್ನೊಂದು ಗುದ್ದಲಿ ತಗೊಂಡೆ.

"ನರಸಿಂಹುಲು" ಎಂದರು ಮ್ಯಾನೇಜರು. "ಯೋಚ್ನಿ ಮಾಡು. ನೀ ಬ್ಯಾಂಕಿನವ."

"ಹಾಜರಿ ಪುಸ್ತಕದಾಗ ತೋರಸ್ರಿ ಸಾರ್" ಎಂದೆ.

ಕಿಷ್ಟಪ್ಪ ಅಂಗಿ ಬಿಚ್ಚಿ ಬಂದ. ಬಾಲಮಣಿ ಮಂಕರಿ ತಂದಳು. ನಾಲ್ವರೂ ಅಗೆದೆವು. ಬೋರ್ಡು ವಾಲಿ ಬಿತ್ತು. ಕುರ್ಚಿಯ ಮೇಲಿದ್ದವರು ನೋಡುತ್ತ ಕೂತಿದ್ದರು. ಸೊಂಟದಾಳದ ಎರಡು ಗುಂಡಿ. ಮಣ್ಣು ಗಟ್ಟಿಯಾಗಿತ್ತು. ಒಂದೂವರೆ ಗಂಟೆ ಹಿಡಿಯಿತು. ಅರ್ಧಕ್ಕೆ ಬಂದಾಗ ನಾತಕ್ಕೆ ಸಾಹೇಬರು ಎದ್ದು ಕಾರಿಗೆ ಹೋದರು, ಹಿಂದೆಯೇ ಉಳಿದವರೂ ಹೊರಟರು. ಫೋಟೋದವನು ಮಾತ್ರ ಉಳಿದ. ಅವನು ಒಂದೂ ಫೋಟೋ ತೆಗೆಯಲಿಲ್ಲ. ಯಾರೂ ತೆಗೆ ಅನ್ನಲಿಲ್ಲವಲ್ಲ.

ದೊಡ್ಡವ್ವ ಗುಂಡಿಗಿಳಿದು ಮೊದಲ ತೊಗಲಿನ ಅಂಚು ಹಿಡಿದು ಎಳೆದಳು. ಅಂಚು ಕೈಗೆ ಬಂತು. ತೊಗಲು ಬರಲಿಲ್ಲ. ಮತ್ತೊಂದು ಕಡೆ ಹಿಡಿದಳು. ಒದ್ದೆ ರೊಟ್ಟಿಯಂತೆ ಹರಿಯಿತು. ಐದೂ ಹಾಗೇ. ಸುಣ್ಣದ ಗುಂಡಿಯಲ್ಲಿದ್ದ ಮೂರನ್ನು ತೊಗಲು ಎಂದು ಹೇಳಲಾಗುತ್ತಿರಲಿಲ್ಲ. ಅವಳು ಎಲ್ಲವನ್ನೂ ಮೇಲೆ ಎತ್ತಿ ಹಾಕಿಸಿದಳು. ಬಗ್ಗಿ ಒಂದೊಂದನ್ನೂ ಮುಟ್ಟಿ ನೋಡಿದಳು. ಎಲ್ಲಾದರೂ ಒಂದು ಜೊತೆ ಚಪ್ಪಲಿಯ ಅಟ್ಟೆಗೆ ಆಗುವಷ್ಟು ಉಳಿದಿದೆಯೇ ಎಂದು ಹುಡುಕಿದಳು. ಇರಲಿಲ್ಲ.

"ಬುಧವಾರ ತಗದಿದ್ರ ಮೂರರೆ ಸಿಗ್ತಿದ್ವು" ಎಂದಳು. ನನ್ನನ್ನು ನೋಡಿ ಹೇಳಲಿಲ್ಲ. ನಾನು ಅಲ್ಲಿಯೇ ಇದ್ದೆ.

ಸೋಮವಾರ ಬ್ಯಾಂಕಿನ ಬಾಗಿಲನ್ನು ಬೇರೆಯವನು ತೆರೆದಿದ್ದ. ನನಗೆ ಒಳಗೆ ಬರಬೇಡ ಎಂದರು. ಬೋರ್ಡು ಮುರಿದದ್ದಕ್ಕೆ ಕೇಸಾಯಿತು. ನಾಲ್ವರೂ ಎಂಟು ಸಲ ನಾರಾಯಣಖೇಡದ ಕೋರ್ಟಿಗೆ ಅಲೆದೆವು. ಮಿರಗ ಕೂಡಿತು. ರೈತರು ಮಿಣಿ ಕೇಳಲು ಬಂದರು. ಇಲ್ಲ ಎಂದಳು. ಅವರು ಜಹೀರಾಬಾದಿನಿಂದ ನೂಲಿನ ಹಗ್ಗ ತಂದುಕೊಂಡರು. ಸುಗ್ಗಿಯಲ್ಲಿ ದೊಡ್ಡವ್ವ ಹನ್ನೊಂದು ಕಣಕ್ಕೂ ಹೋದಳು. ಮಾಲು ಕೊಡದವಳಿಗೆ ಆಯ ಯಾವುದು ಎಂದು ಹಣಮಂತರಾಯ ಕೇಳಿದ. ಉಳಿದ ಹತ್ತು ಮಂದಿ ಅಷ್ಟೂ ಮಾತಾಡಲಿಲ್ಲ. ಅವಳು ಕಿಷ್ಟಪ್ಪನ ಜೊತೆ ತಾಂಡೂರಿನ ಗಣಿಗೆ ಕಲ್ಲು ಹೊರಲು ಹೋದಳು. ಆಗ ಅವಳಿಗೆ ಐವತ್ತೆಂಟು.

ನಾರಾಯಣಖೇಡ ಶಾಖೆಗೆ ಢಾಲು ಬಂತೆಂದು ಆಮೇಲೆ ಕೇಳಿದೆ.

ಹೋದದ್ದು ಇಷ್ಟು. ಎತ್ತಿನ ತೊಗಲು ನಾಲ್ಕು, ಎಮ್ಮೆಯದು ಮೂರು, ಆಕಳದು ಒಂದು. ಸುಣ್ಣ ಮೂರು ಚೀಲ. ತಂಗಡಿ ತೊಗಟೆ ಹದಿನಾಲ್ಕು ಹೊರೆ. ಗುಂಡಿ ಎರಡು. ಆಯದ ಮನೆ ಹನ್ನೊಂದು. ನನ್ನ ಕೆಲಸ ಒಂದು. ದೊಡ್ಡವ್ವನ ಬಲಗೈಯ ಉಗುರು ಎರಡು. ಉಗುರು ಮತ್ತೆ ಬಂದವು. ಉಳಿದವು ಬರಲಿಲ್ಲ.